ಜಗಲಿಯ ಮೇಲಿನ ಕತ್ತಿ

ಕುರಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಏಳು ಸಮುದ್ರದ ಆಚೆ ಬಸರಾ ಅಂತ ಒಂದು ಪಟ್ಟಣವಿತ್ತು. ಅದರ ಅಗಸಿ ಬಾಗಿಲಿಗೆ ಏಳು ಮಂದಿ ಸರದಾರರ ಕಾವಲು. ನಮ್ಮ ತಿರ್ಲಾಪುರದ ಕುರುಬರ ಹುಡುಗನೊಬ್ಬ ಹಡಗು ಹತ್ತಿ ಹೋಗಿ ಆರು ಮಂದಿಯನ್ನು ಒಂದೇ ಕತ್ತಿಯಿಂದ ಕೆಡವಿದ. ಏಳನೆಯವನ ಎಲುಬಿಗೆ ಬಡಿದು ಕತ್ತಿ ಮುರಿಯಿತು. ಮುರಿದ ತುಂಡನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹುಡುಗ ಊರಿಗೆ ಬಂದ.

ಈ ಕಥೆ ಕೇಳದೆ ನಾನು ಮಲಗಿದ್ದು ಕಡಿಮೆ. ಹೇಳುತ್ತಿದ್ದವಳು ಆಯಿ, ನನ್ನಪ್ಪನ ತಾಯಿ ಹನಮವ್ವ. ಏಳನೆಯವನು ಸತ್ತನೇ ಅಂತ ಕೇಳಿದರೆ "ಸಾಯದ ಏನ ಮಾಡ್ತಾನ" ಅನ್ನುತ್ತಿದ್ದಳು. ಹುಡುಗ ಅಂದರೆ ಅವಳ ಗಂಡ ಭರಮಪ್ಪ, ನಾನು ಕಣ್ಣಿಂದ ನೋಡದ ನನ್ನ ಮುತ್ಯಾ, ಮೊದಲ ಮಹಾಯುದ್ಧದ ಕಾಲಕ್ಕೆ ಸೈನ್ಯಕ್ಕೆ ಹೋಗಿ ಬಂದವನು. ಕತ್ತಿಯ ತುಂಡು ನಮ್ಮ ದೇವರ ಜಗಲಿಯ ಮೇಲೆ ಬೀರಪ್ಪನ ಬಾಜು ಇತ್ತು. ಮಾರ್ನವಮಿಗೊಮ್ಮೆ ಅದಕ್ಕೆ ಎಣ್ಣೆ, ಕುಂಕುಮ, ಭಂಡಾರ. ಐವತ್ತೈದು ವರ್ಷದ ಕುಂಕುಮ ಮೆತ್ತಿ ಮೆತ್ತಿ ಒಳಗಿನ ಕಬ್ಬಿಣ ಕಾಣುತ್ತಿರಲಿಲ್ಲ. ನನಗೆ ಮಾತ್ರ ಹೊಳೆಯುವ ಅಲಗೇ ಕಾಣುತ್ತಿತ್ತು.

ಎಪ್ಪತ್ತನಾಲ್ಕರ ದೀಪಾವಳಿ ಮುಗಿದ ಮೇಲೆ, ಊರಿಂದ ಸೈನ್ಯಕ್ಕೆ ಹೋದವರ ಹೆಸರು ಬರೆಸಿ ಸಾಲೆಯಲ್ಲಿ ಹಲಗೆ ಹಾಕುವುದೆಂದು ಪಂಚಾಯ್ತಿಯಲ್ಲಿ ಠರಾವಾಯಿತು. ಜನವರಿ ಇಪ್ಪತ್ತಾರಕ್ಕೆ. ಮೆಂಬರ ತಿರಕಪ್ಪ ಕಾಕಾ ನಮ್ಮ ಕಟ್ಟೆಯ ಮೇಲೆ ಬಂದು ಕೂತ.

"ಕಾಗದ ಇದ್ದವರದಷ್ಟ ಬರಿಯೂದು, ಚಿಗವ್ವ. ಕತಿ ಇದ್ದವರದೆಲ್ಲ ಬರಕೋತ ಹೋದ್ರ ಹಲಗಿ ಸಾಲೂದಿಲ್ಲ."

"ಜಗಲಿ ಮ್ಯಾಲೆ ಕತ್ತಿ ಐತಲ್ಲಲೇ," ಅಂದಳು ಆಯಿ.

"ನಮ್ಮನ್ಯಾಗ ಈಳಗಿ ಐತಿ. ಹಂಗಂತ ನಮ್ಮವ್ವನ ಹೆಸರೂ ಬರಸೂಣೇನು?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆಯಿ ಅವತ್ತು ಉಣ್ಣಲಿಲ್ಲ. ಮರುದಿನ ಪೊರೆ ಬಂದ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ಜಗಲಿಯ ಮುಂದೆ ನಿಲ್ಲಿಸಿದಳು.

"ದೇವಕ್ಕ, ನೀ ಮ್ಯಾಟ್ರಿಕ್ ಓದಿದಾಕಿ. ನಾ ಕಣ್ಣು ಮುಚ್ಚೂದ್ರಾಗ ಅಂವ ಅಲ್ಲಿ ಏನ ಮಾಡಿದ್ನೋ ಅದನ್ನ ಹಲಗಿ ಮ್ಯಾಲೆ ಬರಸು. ಭಂಡಾರ ಮುಟ್ಟಿ ಹೇಳು."

ಮುಟ್ಟಿದೆ. ನಮ್ಮಲ್ಲಿ ಭಂಡಾರ ಮುಟ್ಟಿ ಆಡಿದ ಮಾತಿಗೆ ಹಿಂದೆ ಸರಿಯುವುದಿಲ್ಲ. ಅರಿಷಿಣ ಬೆರಳಿಗೆ ಹತ್ತಿತು. ಎರಡು ದಿನ ತೊಳೆದರೂ ಹೋಗಲಿಲ್ಲ.

ಸಾಲೆಯ ಏಕನಾಥ ಮಾಸ್ತರರು ನನ್ನ ಪರವಾಗಿ ಬೆಳಗಾವಿ ಪಲ್ಟನ್ನಿಗೆ ಇಂಗ್ಲೀಷಿನಲ್ಲಿ ಪತ್ರ ಬರೆದರು. ಟಪಾಲಿನವನ ಸೈಕಲ್ ಬೆಲ್ ಕೇಳಿದರೆ ಕೈಯಲ್ಲಿಯ ಉಣ್ಣೆಯ ಎಳೆ ಹರಿಯುತ್ತಿತ್ತು. ಮೂರು ವಾರಕ್ಕೆ ಉತ್ತರ ಬಂತು. ಆ ಪಲ್ಟನ್ನಿನ ಯಾದಿಯಲ್ಲಿ ತಿರ್ಲಾಪುರದ ಭರಮಪ್ಪ ಯಾರೂ ಇಲ್ಲ.

"ಎರಡು ಸಲ ನೋಡ್ಯಾರಂತವಾ," ಅಂದರು ಮಾಸ್ತರರು.

ಮನೆಗೆ ಬಂದವಳು ತುಂಬಿದ ಕೊಡಗಳಿಗೇ ಮತ್ತೆ ನೀರು ಹೊಯ್ದೆ. ಕೂತರೆ ಏಳಬೇಕು, ಎದ್ದರೆ ಎಲ್ಲಿ ಹೋಗಬೇಕೆಂದು ತಿಳಿಯದು. ಕನಸಿನಲ್ಲಿ ಏಳೂ ಸರದಾರರು ಬಸರಾದ ಅಗಸಿಯಲ್ಲಿ ನಿಂತು ತಮ್ಮ ತಲೆ ತಾವೇ ಎಣಿಸಿಕೊಂಡು, "ನಾವೆಲ್ಲ ಇದ್ದೇವಲ್ಲ" ಅಂತ ನಗುತ್ತಿದ್ದರು.

ಮಾಸ್ತರರು ಇನ್ನೊಂದು ದಾರಿ ಹೇಳಿದರು. ಸರಕಾರಿ ಕತ್ತಿಯಾದರೆ ನಂಬರ ಇರುತ್ತದೆ, ನೋಡು. ಆಯಿ ಹಿತ್ತಲಲ್ಲಿ ಬಿಸಿಲು ಕಾಯಿಸಿಕೊಳ್ಳುವಾಗ ಅದನ್ನು ಜಗಲಿಯಿಂದ ಇಳಿಸಿ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದೆ. ಕೆಂಪು ನೀರು ಹರಿಯಿತು. ಅಲಗು ಬರಲೇ ಇಲ್ಲ. ಚಪ್ಪಟೆ ಕಬ್ಬಿಣದ ತುಂಬ ಸಾಲು ಸಾಲು ಹಲ್ಲುಗಳು. ಏಳನೆಯವನ ಎಲುಬಿಗೆ ಬಡಿದ ಗುರುತು ಅಂದುಕೊಂಡೆ. ಆದರೆ ಯಾವ ಎಲುಬು ಇಷ್ಟು ಸಾಲು ಹಿಡಿದು ಹಲ್ಲು ಮೂಡಿಸುತ್ತದೆ? ಬುಡದಲ್ಲಿ ಒಂದು ಬಾಣದ ಗುರುತು, ಅದರ ಕೆಳಗೆ ನಾಲ್ಕು ಅಂಕಿ.

ಉಣ್ಣೆ ಮಾರುವ ನೆವ ಹೇಳಿ ನವಲಗುಂದದ ಸಂತೆಗೆ ಹೋದೆ. ಬಸ್ಸು ಇಳಿದಲ್ಲೇ ನಾಲಬಂದ ಅಲ್ಲಾಸಾಬ ಒಂದು ಎತ್ತನ್ನು ಕೆಡವಿ, ಕಾಲು ಕಟ್ಟಿ, ಗೊರಸಿಗೆ ನಾಲ ಬಡಿಯುತ್ತಿದ್ದ. ಅವನ ಮಗ್ಗುಲಿಗೆ ಬಿದ್ದಿದ್ದ ಸಾಮಾನಿನಲ್ಲಿ ನನ್ನ ಕತ್ತಿಯ ತಮ್ಮನಂಥದೊಂದು ಕಂಡಿತು. ನಿಂತುಬಿಟ್ಟೆ. ಬಟ್ಟೆ ಬಿಚ್ಚಿ ತೋರಿಸಿದೆ.

ಅವನು ಅದನ್ನು ಎತ್ತಿನ ಗೊರಸಿಗೆ ಒಂದು ಸಲ ಎಳೆದ. ಬಿಳಿ ಹಿಟ್ಟು ಉದುರಿತು.

"ಇನ್ನೂ ಹರಿತ ಐತಿ. ಗೊರಸು ಉಜ್ಜೂ ಅರ ಇದು. ಎತ್ತಿಂದಲ್ಲ, ಕುದರಿ, ಹೇಸರಗತ್ತಿದು. ಬಾಣ ನೋಡು, ಸರಕಾರಿ ಮಾಲು. ನೀ ಯಾರ ಪೈಕಿ, ತಂಗಿ?"

"ಕುರುಬರಾಕಿ ರಿ."

"ಕುರಿಗೆ ಯಾರವಾ ನಾಲ ಬಡೀತಾರ?"

ಯಾರೂ ಬಡಿಯುವುದಿಲ್ಲ. ಅದಕ್ಕೇ ನಮ್ಮ ಮನೆಯವರು ಯಾರೂ ನಾಲಬಂದನ ಮುಂದೆ ನಿಂತವರಲ್ಲ, ಅವನ ಅರ ಹೇಗಿರುತ್ತದೆಂದು ಕಂಡವರಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೆ, ಕಾಲ ಕೆಳಗೆ ಇಟ್ಟೆ, ದೇವರದಲ್ಲವೇ ಅನ್ನಿಸಿ ಮತ್ತೆ ಎತ್ತಿಕೊಂಡೆ.

ಮಾಸ್ತರರು ಆ ಅಂಕಿಗಳನ್ನು ಹಾಕಿ ಸೈನ್ಯದ ಹೇಸರಗತ್ತೆ ದಳದ ಕಚೇರಿಗೆ ಬರೆದರು. ಇಪ್ಪತ್ತಾರಕ್ಕೆ ಒಂದು ವಾರ ಇರುವಾಗ ಉತ್ತರ ಬಂತು. ಭರಮಪ್ಪ, ತಿರ್ಲಾಪುರ. ನಾಲಬಂದ. ಬಸರಾ, ೧೯೧೬ರಿಂದ ೧೯೧೯. ಎಡ ತೊಡೆಗೆ ಹೇಸರಗತ್ತೆ ಒದ್ದು ಆರು ವಾರ ದವಾಖಾನೆ.

"ಕಾಗದ ಬಂತಲ್ಲ, ಸಾಕು," ಅಂದರು ಮಾಸ್ತರರು. "ಸಿಪಾಯಿ ಅಂತ ಬರೀತೀನಿ. ದಳದಾಗ ಇದ್ದ, ಸುಳ್ಳಂತೂ ಅಲ್ಲ. ನಿಮ್ಮ ಆಯಿಗೂ ಸಮಾಧಾನ."

ಸುಳ್ಳಲ್ಲ. ಆದರೆ ಅವನು ಮಾಡಿದ್ದನ್ನು ಬರೆಸುತ್ತೇನೆಂದು ಭಂಡಾರ ಮುಟ್ಟಿದ್ದೆ. ಪತ್ರವನ್ನು ಟ್ರಂಕಿನಲ್ಲಿಟ್ಟೆ, ತೆಗೆದು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ, ಅಲ್ಲಿಂದ ತೆಗೆದು ಸೆರಗಿಗೆ ಕಟ್ಟಿಕೊಂಡೆ. ಐವತ್ತೈದು ವರ್ಷ ಹೇಳಿದ ಕಥೆ ಹೋದರೆ ಆಯಿ ಉಳಿದಾಳೇ?

ನಾಲ್ಕನೆಯ ದಿನ ಅವಳೇ ಕೇಳಿದಳು. "ಒಲಿಗೂ ಹೊಚ್ಚಲಕ್ಕೂ ಎಷ್ಟ ಸಲ ಅಡ್ಡಾಡ್ತೀ ಬೇ? ಕೂಡು. ಏನ ಬರದಾರ, ಓದು."

ಓದಿದೆ. ಅಲ್ಲಾಸಾಬ ಹೇಳಿದ್ದನ್ನೂ ಹೇಳಿದೆ.

"ತೊಡಿ ಯಾವದಂದಿ?"

"ಎಡದ್ದು."

"ಅಲ್ಲೇ ಕಲಿ ಇತ್ತು. ಸರದಾರನ ಭಾಲೆ ಚುಚ್ಚಿದ್ದು ಅಂತ ನಮ್ಮತ್ತಿ ಅಂತಿದ್ಲು. ಭಾಲೆ ಹ್ಯಾಂಗ ಅರ್ಧ ಚಂದ್ರನಂಗ ತಾಗೀತು ಅಂತ ಅವನ್ನ ಕೇಳಿದ್ರ ನಗತಿದ್ದ." ಮತ್ತೆ ಅಂದಳು: "ಅಂವ ಬಂದ ದಿವಸನ ಗಂಟು ಬಿಚ್ಚಿ ಅದನ್ನ ಜಗಲಿಗೆ ಏರಿಸಿದಾಕಿ ನಮ್ಮತ್ತಿ. ಏರಿಸಿದ ಮ್ಯಾಲೆ, ಇದು ಗೊರಸು ಉಜ್ಜೂದು ಬೇ ಅಂತ ಹ್ಯಾಂಗ ಅಂದಾನು? ದೇವರ ಮುಂದ ಹಡದವ್ವನ್ನ ಸುಳ್ಳ ಮಾಡಿದಂಗಾತು. ನನ್ನ ಕೂಡ ಹನ್ನೆರಡು ವರ್ಷ ಬಾಳೇವು ಮಾಡಿದ. ಒಂದ ಮಾತು ಬಾಯಿ ಬಿಡದ ಸತ್ತ."

"ಮಾಸ್ತರು ಸಿಪಾಯಿ ಅಂತ ಬರೀತಾರಂತ, ಆಯಿ."

"ಬ್ಯಾಡ. ನಾವೆಲ್ಲ ಕೂಡಿ ಅವನ ಬಾಯಿ ಕಟ್ಟಿದ್ದು ಸಾಕು. ಮಾಡಿದ್ದ ಬರೀಲಿ."

"ಮತ್ತ ಇದನ್ನೆಲ್ಲಿ ಇಡ್ಲಿ?" ಅರ ನನ್ನ ಕೈಯಲ್ಲೇ ಇತ್ತು.

"ಇದ್ದಲ್ಲೇ ಇಡು. ಕುಂಕುಮ ಹಲ್ಲಿನ್ಯಾಗ ಸಿಗದಂಗ ಹಚ್ಚು."

ಇಪ್ಪತ್ತೈದರ ಸಂಜೆ ಸಾಲೆಯ ಅಂಗಳದಲ್ಲಿ ಕಪ್ಪು ಹಲಗೆಯನ್ನು ಗೋಡೆಗೆ ಒರಗಿಸಿ ಮಾಸ್ತರರೇ ಬಿಳಿ ಬಣ್ಣದಿಂದ ಬರೆಯುತ್ತಿದ್ದರು. ಆಯಿ ನನ್ನ ಭುಜ ಹಿಡಿದು ನಿಂತಿದ್ದಳು. ತಿರಕಪ್ಪ ಕಾಕಾ ಪತ್ರವನ್ನು ತಿರುವಿ ಮುರುವಿ ನೋಡಿದ.

"ಅಂತೂ ಹೇಸರಗತ್ತಿ ಕಾಲು ಹಿಡದಾಂವನ ಹೆಸರೂ ಹಲಗಿಗೆ ಬಂತಲ್ಲ, ಚಿಗವ್ವ."

"ಹಿಡದಾಂವನಲೇ. ಅದು ಒದೀತು, ಆರು ವಾರ ಮಲಗಿದ, ಎದ್ದು ಹೋಗಿ ಮತ್ತ ಹಿಡದ. ನೀ ಒಂದ ಹಿಡದು ತೋರಸು, ನಿನ್ನ ಹೆಸರೂ ಬರಸ್ತೀನಿ."

ತಿರಕಪ್ಪ ಕಾಕಾ ಪತ್ರ ಮಡಚಿ ನನ್ನ ಕೈಗೆ ಕೊಟ್ಟ. ಮಾಸ್ತರರು ಕೊನೆಯ ಅಕ್ಷರ ಬರೆದು ಕುಂಚ ಎತ್ತಿದರು.

"ಮುಗೀತೇನು?" ಅಂದಳು ಆಯಿ.

ನಾನು ದೊಡ್ಡ ದನಿಯಲ್ಲಿ ಓದಿದೆ: "ಭರಮಪ್ಪ, ನಾಲಬಂದ, ಬಸರಾ."