ಅತ್ತೆಯ ಚಪ್ಪಡಿ ಕಲ್ಲು

ಬೆಂಕಿ ಆರಿದ ದಿನ ನಮ್ಮೂರಿನ ಹೆಂಗಸರು ಅತ್ತರು ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ತೈಲದ ಜೊತೆ ಮೇಲೆ ಬರುವ ಗ್ಯಾಸನ್ನು ಕಂಪನಿಯವರು ನಲವತ್ತು ವರ್ಷದಿಂದ ನಮ್ಮ ಊರಂಚಿನಲ್ಲಿ ಹಗಲೂ ರಾತ್ರಿ ಸುಡುತ್ತಿದ್ದರು. ಆ ಬೆಂಕಿ ನಮ್ಮ ತಗಡಿನ ಸೂರು ತಿಂದಿತು, ಮಳೆನೀರು ಕಪ್ಪು ಮಾಡಿತು. ಆದರೂ ಅದರ ಸುತ್ತಲಿನ ಮಣ್ಣಿನ ದಿಬ್ಬದ ಮೇಲೆ ಮರಗೆಣಸಿನ ಬಿಲ್ಲೆ ಹರಡಿದರೆ ಮಳೆಗಾಲದಲ್ಲೂ ಮಧ್ಯಾಹ್ನದೊಳಗೆ ಗರಿಗರಿಯಾಗಿ ಒಣಗುತ್ತಿತ್ತು, ಅದನ್ನು ಪೇಟೆಗೆ ಮಾರುತ್ತಿದ್ದೆವು. ಸೌದೆ ಬೇಡ, ಬಿಸಿಲು ಬೇಡ. ಪುಕ್ಕಟೆ ಸಿಕ್ಕಿದ್ದಕ್ಕೆ ನಾವೂ ಒಗ್ಗಿಹೋಗಿದ್ದೆವು.

ದಿಬ್ಬದ ಮೇಲೆ ಪ್ರತಿ ಹೆಂಗಸಿಗೂ ಒಂದು ಜಾಗ, ಅತ್ತೆಯಿಂದ ಸೊಸೆಗೆ ಬರುವ ಜಾಗ. ನಮ್ಮದು ಎಲ್ಲಕ್ಕಿಂತ ಒಳ್ಳೆಯದು, ಗುರುತಿಗೆ ಅಲ್ಲೊಂದು ಚಪ್ಪಡಿ ಕಲ್ಲು. ನಮ್ಮ ಕೆಸರುನಾಡಿನಲ್ಲಿ ಅಗೆದಷ್ಟೂ ಮಣ್ಣೇ, ಕಲ್ಲು ಸಿಗದು. ಮಾವ ರಸ್ತೆ ಕೆಲಸಕ್ಕೆ ಹೋಗಿದ್ದಾಗ ದೂರದಿಂದ ಲಾರಿಯಲ್ಲಿ ತಂದು ಅತ್ತೆಗೆ ಕೊಟ್ಟದ್ದು ಅದು. ಬೇರೆ ಗಂಡಂದಿರು ಒಡವೆ ಕೊಟ್ಟರು, ನಮ್ಮೋರು ಕಲ್ಲು ಕೊಟ್ಟರು ಎಂದು ಅತ್ತೆ ಹೇಳುವಾಗ ಅದರಲ್ಲಿ ದೂರೂ ಇತ್ತು, ಜಂಬವೂ ಇತ್ತು. ಕಲ್ಲಿದ್ದರೂ ಒಂದು ದಿನ ಹೋಗದಿದ್ದರೆ ಪಕ್ಕದ ಜಾಗದ ಒನೊಮೆ ತನ್ನ ಚಾಪೆಯನ್ನು ಒಂದು ಗೇಣು ಈಚೆ ಸರಿಸುತ್ತಿದ್ದಳು.

ಬೆಂಕಿ ಯಾಕೆ ಆರಿತೆಂದು ನನ್ನ ಗಂಡ ಉಮುಕೊರೊ ರೇಡಿಯೋ ಕೇಳಿ ಹೇಳಿದ. ಅವನು ಸರಕಾರಿ ಶಾಲೆಯ ಮೇಷ್ಟರು. ಪ್ರಪಂಚದಲ್ಲಿ ತೈಲದ ಬೆಲೆ ಬಿದ್ದಿದೆ, ನಮ್ಮೂರಿನ ತೈಲಬಾವಿ ಕಂಪನಿಗೆ ಗಿಟ್ಟುತ್ತಿಲ್ಲ, ಮುಚ್ಚಿದ್ದಾರೆ. ಅವನ ಸಂಬಳ ನಿಂತದ್ದೂ ಅದಕ್ಕೇ. ಪೀಪಾಯಿಗೆ ಇಷ್ಟು ಬಂದೇ ಬರುತ್ತದೆ ಎಂದು ಸರಕಾರ ವರ್ಷದ ಬಜೆಟ್ಟು ಬರೆದಿತ್ತಂತೆ, ಬಂದದ್ದು ಅದರ ಅರ್ಧ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರು ಅವರು, ಬರಿತಲೆಯಲ್ಲಿ ನಿಂತವರು ನಾವು. ತೈಲ ಅಗ್ಗವಾದ ಮೇಲೆ ಸೀಮೆಎಣ್ಣೆಯಾದರೂ ಅಗ್ಗವಾಗಬೇಕಲ್ಲ ಎಂದೆ. ಇಲ್ಲ, ಅದನ್ನು ಪರದೇಶದಲ್ಲಿ ಶುದ್ಧ ಮಾಡಿ ಹಡಗಿನಲ್ಲಿ ತರುವುದು, ನಮ್ಮ ದೇಶದ ದುಡ್ಡು ನೈರಾದ ಬೆಲೆ ಬಿದ್ದದ್ದರಿಂದ ಇನ್ನೂ ತುಟ್ಟಿ ಎಂದ. ನಮ್ಮ ಕಾಲ ಕೆಳಗಿನ ಎಣ್ಣೆ ಊರೆಲ್ಲ ಸುತ್ತಿ ಬಂದು ನಮ್ಮನ್ನೇ ಸುಲಿಯುತ್ತದಲ್ಲ ಎಂದು ಮೈಯೆಲ್ಲ ಉರಿಯಿತು. ಒಂದು ಬೆಲೆ ಬಿದ್ದು ನಮ್ಮ ಮನೆಯ ಎರಡು ದುಡಿಮೆಯನ್ನೂ ಮುರಿದಿತ್ತು.

ಇಷ್ಟಾದರೂ ನಾವು ಹೆಂಗಸರು ಮಾಡಿದ್ದೇನು? ದಿನಾ ಬೆಳಿಗ್ಗೆ ಹೋಗಿ ಬೆಂಕಿ ಉಗುಳುತ್ತಿದ್ದು ಈಗ ತಣ್ಣಗೆ ನಿಂತ ಗ್ಯಾಸಿನ ಕೊಳವೆಯ ಮುಂದೆ ಚಾಪೆ ಹಾಸಿ ಕೂತೆವು. ಎದ್ದರೆ ಜಾಗ ಹೋದೀತು ಎಂಬ ಭಯ. ಮಳೆ ಹೊಡೆಯುತ್ತಿತ್ತು, ಬುಟ್ಟಿಯಲ್ಲಿ ಮರಗೆಣಸು ಕೊಳೆತು ನಾರುತ್ತಿತ್ತು, ನಾವು ಜಾಗ ಕಾಯುತ್ತಿದ್ದೆವು. ಮನೆಯಲ್ಲಿ ಮಕ್ಕಳ ತಟ್ಟೆಯ ತಾಳೆಹಣ್ಣಿನ ಸಾರು ದಿನದಿನಕ್ಕೆ ನೀರಾಗುತ್ತಿತ್ತು. ಒಂದು ಬೆಳಿಗ್ಗೆ ನನಗೆ ನನ್ನ ಮೇಲೇ ರೇಗಿತು, ಚಾಪೆ ಸುತ್ತಿ ಎದ್ದು ಬಂದೆ.

ಮನೆಯ ಹಿಂದೆ ಹೊಳೆದಂಡೆಯ ಜೇಡಿಮಣ್ಣು ತಂದು ಒಲೆ ಕಟ್ಟಿದೆ. ಕೆಳಗೆ ಉರಿ, ಮೇಲೆ ಬಿಲ್ಲೆ ಹರಡುವ ಹಾಸು. ಉರುವಲಿಗೆ ತಾಳೆಬೀಜದ ಚಿಪ್ಪು. ಊರವರು ತಿಪ್ಪೆಗೆ ಸುರಿಯುವ ಕಸ ಅದು, ಎಷ್ಟು ಬೇಕಾದರೂ ಸಿಗುತ್ತದೆ. ಉರಿ ಚೆನ್ನಾಗಿಯೇ ಹತ್ತಿತು, ಆದರೆ ಮಣ್ಣಿನ ಹಾಸು ಕಾವಿಗೆ ಬಿರಿದು ಬಿಲ್ಲೆಗೆಲ್ಲ ಮಣ್ಣು ಮೆತ್ತಿಕೊಂಡಿತು. ವಾರಿ ಪೇಟೆಯ ವ್ಯಾಪಾರಗಾರ್ತಿ ಒಂದನ್ನು ಕಚ್ಚಿ ಉಗಿದು, ಬಿಲ್ಲೆ ಕೇಳಿದರೆ ಮನೆಯ ಗೋಡೆ ಮಾರುತ್ತೀಯಾ ಎಂದಳು. ಮತ್ತೆ ಕಟ್ಟಿದೆ, ಮತ್ತೆ ಬಿರಿಯಿತು. ಎಷ್ಟು ಕಾವಿಗೂ ಬಿರಿಯದ ಹಾಸು ಊರಲ್ಲಿ ಒಂದೇ ಇತ್ತು. ಅತ್ತೆಯನ್ನು ಕೇಳಿದೆ.

"ಆ ಕಲ್ಲು ಎತ್ತಿದ್ರೆ ಜಾಗ ಹೋಯ್ತು ಅಂತ್ಲೇ ಲೆಕ್ಕ," ಅಂದರು. "ಇವತ್ತಲ್ಲ ನಾಳೆ ಬೆಂಕಿ ಬರತ್ತೆ. ಆಗ ಹೋಗಿ ಒನೊಮೆ ಕಾಲು ಹಿಡೀತೀಯಾ?"

"ಬಂದಿದ್ದು ಮತ್ತೆ ಹೋಗತ್ತೆ ಅತ್ತೆ. ಎಲ್ಲೋ ಯಾರೋ ಬೆಲೆ ಇಳಿಸಿದ್ರೆ ಇಲ್ಲಿ ನನ್ನ ಮಕ್ಕಳು ಉಪವಾಸ ಮಲಗ್ಬೇಕಾ?"

"ನಾನು ಬದುಕಿರೋವರ್ಗೂ ಅದನ್ನ ಮುಟ್ಟಬೇಡ."

ಮುಟ್ಟಿದೆ. ಹಾಡಹಗಲೇ, ಎಲ್ಲರೂ ಚಾಪೆ ಹಾಸಿ ಕೂತಿದ್ದಾಗಲೇ ಹೋಗಿ ಸನಿಕೆಯಿಂದ ಎಬ್ಬಿಸಿ ತಳ್ಳುಗಾಡಿಗೆ ಹಾಕಿದೆ. ಕದ್ದಳು ಎಂದು ನಾಳೆ ಯಾರೂ ಅನ್ನಬಾರದಲ್ಲ. ನಾನು ದಿಬ್ಬ ಇಳಿಯುವಷ್ಟರಲ್ಲಿ ಒನೊಮೆಯ ಚಾಪೆ ನಮ್ಮ ಜಾಗದಲ್ಲಿತ್ತು. ಸುಳ್ಳು ಯಾಕೆ ಹೇಳಲಿ, ತಿರುಗಿ ಹೋಗಿ ಕಲ್ಲನ್ನು ಅಲ್ಲೇ ಇಟ್ಟುಬಿಡೋಣ ಎನಿಸಿತು. ದಾರಿಯಲ್ಲಿ ಉಮುಕೊರೊ ಎದುರಾದ. ಕಲ್ಲು ನೋಡಿದ, ಮನೆಯ ಕಡೆ ನೋಡಿದ, ತಾಯಿಯ ನೆನಪಾಗಿರಬೇಕು. ಆಮೇಲೆ ಗಾಡಿಯ ಒಂದು ಹಿಡಿಕೆ ಹಿಡಿದ.

ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಬಡಿಸಿದ್ದನ್ನು ಉಂಡರು, ಮುಖ ನೋಡಲಿಲ್ಲ. ಕಲ್ಲಿನ ಹಾಸು ಹಾಕಿದ ಒಲೆ ಮಾತ್ರ ಬಿರಿಯಲಿಲ್ಲ. ಮೊದಮೊದಲು ಬಿಲ್ಲೆ ಕರಕಲಾಯಿತು, ಹೊಗೆ ನಾರಿತು, ಕೈತುಂಬ ಬೊಬ್ಬೆ ಎದ್ದಿತು. ಹೊಗೆ ಹೋಗುವ ಕಂಡಿಯನ್ನು ದೊಡ್ಡದು ಮಾಡಿದೆ, ಚಿಪ್ಪು ಕಡಿಮೆ ಹಾಕಿದೆ, ಬಿಡಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ವಾರಿಯವಳೇ ಮೂಟೆ ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದಳು. ಮಕ್ಕಳ ಸಾರು ಮತ್ತೆ ಗಟ್ಟಿಯಾಯಿತು. ಬೋಗುಣಿಗೆ ಬಿದ್ದ ಮಳೆನೀರು ತಿಳಿಯಾಗಿದ್ದುದನ್ನು ಆಗಲೇ ಗಮನಿಸಿದೆ.

ಆಮೇಲೆ ಬೆಲೆ ಏರಿತು. ಒಂದು ಸಂಜೆ ಢಮ್ಮೆಂದು ಸದ್ದಾಗಿ ಕೊಳವೆಯ ಬೆಂಕಿ ಮತ್ತೆ ಹತ್ತಿತು, ಆಕಾಶ ಕೆಂಪಾಯಿತು, ಊರು ಕುಣಿಯಿತು. ರೇಡಿಯೋದಲ್ಲಿ ಯಾರೋ ಹೊಸ ಸೇತುವೆ, ಹೊಸ ಆಸ್ಪತ್ರೆ ಎನ್ನುತ್ತಿದ್ದರು. ಮತ್ತೆ ಕುಲಾವಿ ಹೊಲಿಯಲು ಕೂತರು ಎಂದು ಉಮುಕೊರೊ ನಕ್ಕ. ಅತ್ತೆ ಕೋಲು ಹಿಡಿದು ಒಬ್ಬರೇ ದಿಬ್ಬದ ಕಡೆ ನಡೆದರು. ನಮ್ಮ ಜಾಗದಲ್ಲಿ ಇನ್ನೊಬ್ಬಳನ್ನು ಕಂಡು ಬಂದವರು ಶಪಿಸದೆ ಬಿಡುವುದಿಲ್ಲ. ಶಪಿಸಲಿ, ಕಲ್ಲು ಕೊಡುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಒಲೆಯ ಮುಂದೆಯೇ ಕೂತೆ.

ಬಂದರು. ಮಣೆ ಎಳೆದುಕೊಂಡು ನನ್ನ ಪಕ್ಕ ಕೂತು ಕಲ್ಲನ್ನು ನೋಡಿದರು.

"ಒನೊಮೆ ಹಾಸ್ಕೊಂಡಿದಾಳೆ," ಅಂದರು. ಎಷ್ಟೋ ತಿಂಗಳ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು.

"ಗೊತ್ತು ಅತ್ತೆ."

"ನಲವತ್ತು ವರ್ಷ ಆ ಬೆಂಕಿ ಮುಂದೆ ಕೂತೆ. ಹಚ್ಚೋವಾಗ ಯಾರೂ ನನ್ನ ಕೇಳ್ಲಿಲ್ಲ. ಆರ್ಸೋವಾಗ್ಲೂ ಕೇಳ್ಲಿಲ್ಲ."

ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ಚಿಪ್ಪು ತೆಗೆದು ಉರಿಗೆ ಹಾಕಿದರು.

"ಇದನ್ನ ಆರ್ಸೋ ಮುಂಚೆ ನನ್ನ ಕೇಳು."