ನನ್ನ ಕೆಳಗಿನ ಒಣ ನೆಲ

ನಾನು ಒಂದು ಕಾರು. ಈಗ ಚಕ್ರಗಳಿಲ್ಲ, ಸೈಜುಗಲ್ಲುಗಳ ಮೇಲೆ ಕೂತಿದ್ದೇನೆ. ಆದರೂ ಕಾರು ಎಂದೇ ಹೇಳಿಕೊಳ್ಳುತ್ತೇನೆ.

ದೂರದ ಊರೊಂದರ ಉದ್ದನೆಯ ಶೆಡ್ಡಿನಲ್ಲಿ, ಬೆಸುಗೆಯ ಕಿಡಿಗಳ ನಡುವೆ ನಾನು ಹುಟ್ಟಿದೆ. ತಗಡಿಗೆ ತಗಡು ಸೇರಿತು, ಮೈಗೆ ಬಿಳಿ ಬಣ್ಣ ಬಂತು. ಎಂಜಿನ್ನಿಗೆ ಮೊದಲ ಸಲ ತಣ್ಣನೆಯ ನೀರು ಇಳಿದಾಗ ಜೀವ ಬಂದಂತಾಯಿತು. ನನ್ನಂಥವರಿಗೆ ಆ ನೀರೇ ರಕ್ತ. ಅದು ಸುತ್ತುತ್ತಿರುವವರೆಗೆ ಒಳಗಿನ ಬೆಂಕಿ ನಮ್ಮನ್ನು ಸುಡುವುದಿಲ್ಲ.

ತುಮಕೂರಿನ ಬ್ಯಾಂಕಿನ ಸಾಹೇಬರೊಬ್ಬರು ನನ್ನನ್ನು ಮೊದಲು ಕೊಂಡರು. ಭಾನುವಾರ ಮಾತ್ರ ಹೊರಗೆ ತೆಗೆಯುತ್ತಿದ್ದರು. ಅವರಿಗೆ ವರ್ಗವಾದಾಗ ಶಿರಾ ಕಡೆಯ ರಂಗಧಾಮಯ್ಯನ ಕೈಗೆ ಬಂದೆ. ರಂಗಧಾಮಯ್ಯ ಹೂವಿನ ವ್ಯಾಪಾರದವನು. ಬಂದ ದಿನವೇ ನನ್ನ ಹಿಂದಿನ ಸೀಟು ಕಿತ್ತು ಜಗಲಿಗೆ ಹಾಕಿದ. ಸುತ್ತಲ ಹಳ್ಳಿಗಳ ಸೇವಂತಿಗೆ, ಕನಕಾಂಬರ, ಚೆಂಡುಹೂವಿನ ಚೀಲಗಳನ್ನು ಅಲ್ಲಿ ತುಂಬಿಕೊಂಡು ಬೆಳಕು ಹರಿಯುವ ಮೊದಲೇ ಪೇಟೆಗೆ ಓಡಿಸುತ್ತಿದ್ದ. ಹರಾಜು ಮುಗಿದ ಮೇಲೆ ತಲುಪಿದ ಹೂವನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಹೆಂಗಸರು ಸೊಂಟ ಬಗ್ಗಿಸಿ ಬಿಡಿಸಿದ ಹೂವು ತಿಪ್ಪೆಗೆ ಹೋಗುತ್ತದೆ. ಆ ಭಾರವೆಲ್ಲ ನನ್ನ ಮೇಲಿತ್ತು, ಅದರ ಹೆಮ್ಮೆಯೂ ಇತ್ತು.

ಒಂದು ದಿನ ಪೇಟೆಯಿಂದ ಬಂದು ಖಾಲಿ ಚೀಲ ಕೊಡವುವಾಗ ಒಳಗಿಂದ ನಾಯಿಮರಿಯೊಂದು ಉರುಳಿತು. ಥೇಟ್ ಚೆಂಡುಹೂವಿನ ಬಣ್ಣ.

"ಮಾರಕ್ಕೆ ಹೋಗಿ ಇದನ್ನ ತಂದ್ರಾ?" ಎಂದಳು ಹೆಂಡತಿ ಪುಟ್ಟತಾಯಮ್ಮ.

"ನಾನೆಲ್ಲಿ ತಂದೆ? ಅದೇ ಬಂದೈತೆ. ಇದೊಂದು ಚೆಂಡು ಹರಾಜಾಗ್ಲಿಲ್ಲ ಅಂದ್ಕೊ."

ಚೆಂಡು ಎಂಬ ಹೆಸರೇ ಉಳಿಯಿತು. ತನ್ನ ಹೊಲದ ಹೂವನ್ನು ನನ್ನಲ್ಲೇ ಪೇಟೆಗೆ ಕಳಿಸುತ್ತಿದ್ದ ಪಕ್ಕದ ಮನೆಯ ಕೆಂಚಮ್ಮನೂ ಅದಕ್ಕೆ ಮುದ್ದೆಯ ಚೂರು ಹಾಕುತ್ತಿದ್ದಳು. ತನ್ನ ಕೋಳಿಗಳನ್ನು ಅದು ಅಟ್ಟಿಸಿದ ದಿನ ಮಾತ್ರ, "ಪಾಷಾಣ ಹಾಕ್ತೀನಿ ನೋಡ್ತಿರು, ಮುಂಡೇದೆ!" ಎಂದು ಕೂಗಾಡುತ್ತಿದ್ದಳು. ಆ ಕೂಗು ಕೇರಿಯಲ್ಲಿ ಎಲ್ಲರಿಗೂ ರೂಢಿಯಾಗಿತ್ತು.

ಮಧ್ಯಾಹ್ನ ನಾನು ಬಂದು ಹೊಂಗೆಮರದ ಕೆಳಗೆ ನಿಂತರೆ ಸಾಕು, ಚೆಂಡು ಓಡಿ ಬಂದು ನನ್ನ ಎಂಜಿನ್ನಿನ ಅಡಿ ಸೇರುತ್ತಿತ್ತು. ಅದರ ಉಸಿರು ನನ್ನ ಹೊಟ್ಟೆಗೆ ತಾಗುತ್ತಿತ್ತು. ನಸುಕಿನಿಂದ ಹೊತ್ತು ಬಂದವನಿಗೆ ಅಂಥ ಜೊತೆಗಿಂತ ಬೇರೆ ಏನು ಬೇಕು?

ವಯಸ್ಸಾಗುತ್ತ ನನ್ನೊಳಗಿನ ನೀರು ಕಡಿಮೆಯಾಗತೊಡಗಿತು. ಬೆಳಗ್ಗೆ ರೇಡಿಯೇಟರ್ ಮುಚ್ಚಳ ತೆಗೆದರೆ ಒಂದು ಚೊಂಬಿನಷ್ಟು ಇಳಿದಿರುತ್ತಿತ್ತು. ರಂಗಧಾಮಯ್ಯ ಬೋರಿನ ನೀರು ಸುರಿದು ಹೊರಡುತ್ತಿದ್ದ. ಸೋರುವ ಬಿರುಕು ಮುಚ್ಚುತ್ತದೆ ಎಂದು ಯಾರೋ ಲಾರಿ ಡ್ರೈವರ್ ಹೇಳಿದ್ದಕ್ಕೆ ಅರಿಶಿನದ ಪುಡಿಯನ್ನೂ ಕದಡಿ ಹುಯ್ದ. "ಮದುವಣಗಿತ್ತಿ ಮಾಡ್ಬುಟ್ರಲ್ಲ ಇದನ್ನ" ಎಂದು ಪುಟ್ಟತಾಯಮ್ಮ ನಕ್ಕಳು. ನೀರು ಇಳಿಯುವುದು ನಿಲ್ಲಲಿಲ್ಲ. ಒಮ್ಮೆ ಹರಾಜಿನ ದಾರಿಯಲ್ಲೇ ಕುದಿದು ಆವಿ ಕಾರಿದೆ. ಆ ದಿನದ ಕನಕಾಂಬರವೆಲ್ಲ ಚೀಲದಲ್ಲೇ ಬಾಡಿತು.

ಹೆದ್ದಾರಿ ಪಕ್ಕದ ಗ್ಯಾರೇಜಿನ ಮಸ್ತಾನ್ ಸಾಬಿ ಬಾನೆಟ್ ಎತ್ತಿ ಪೈಪುಗಳನ್ನೆಲ್ಲ ಹಿಂಡಿ ನೋಡಿದ. ಎಲ್ಲೂ ಒದ್ದೆಯಿರಲಿಲ್ಲ.

"ನಿಂತ ಜಾಗದಲ್ಲಿ ನೆಲ ನೆನೀತದಾ ಅಣ್ಣ?"

"ಇಲ್ಲ ಕಣೋ. ನೆಲ ಖಣಖಣ ಒಣಗಿರ್ತದೆ."

"ಹಂಗಾದ್ರೆ ಒಂದ್ಸಲ ಕೆಳಗೆ ಪೇಪರ್ ಹಾಸಿ ನೋಡಿ ಬಾ."

ರಂಗಧಾಮಯ್ಯ ಮನೆಗೆ ಬಂದು ನನ್ನಡಿ ಹಳೆಯ ಪೇಪರ್ ಹಾಸಿ ಊಟಕ್ಕೆ ಹೋದ. ಬಂದು ನೋಡಿದರೆ ಚೆಂಡು ಅದನ್ನು ಅಂಗಳದ ತುಂಬ ಹರಿದು ಹಾಕಿತ್ತು. ಬಾಯಲ್ಲಿನ್ನೂ ಒಂದು ಚೂರಿತ್ತು.

"ಥೂ ನಿನ್ನ! ಪೇಪರ್ ಓದೋ ಆಸೆ ಬಂತಾ ಸಾಹೇಬ್ರಿಗೆ?" ಎಂದು ಗದರಿ, ನಕ್ಕು, ಚೂರುಗಳನ್ನು ಗುಡಿಸಿ ಒಲೆಗೆ ಹಾಕಿದ. ಗೊತ್ತಾಗಬೇಕಾದ ಸಂಗತಿ ಆ ಚೂರುಗಳಲ್ಲೇ ಇತ್ತು.

ನನ್ನ ನೀರಿನ ಪಂಪಿನ ಅಡಿಯಲ್ಲಿ ಕಡಲೆಕಾಳಿನಷ್ಟು ಒಂದು ತೂತಿದೆ. ಒಳಗಿನ ಸೀಲು ಸವೆದರೆ ನೀರು ಅಲ್ಲಿಂದ ಹೊರಬರುತ್ತದೆ. ಓಡುವಾಗ ಆ ಹನಿ ಗಾಳಿಗೆ, ಬಿಸಿಗೆ ಹಾರಿಹೋಗುತ್ತಿತ್ತು. ನಿಂತು ಆರುವಾಗ ಒಂದೊಂದೇ ತೊಟ್ಟಿಕ್ಕುತ್ತಿತ್ತು. ಅದನ್ನು ಚೆಂಡು ನೆಲ ಮುಟ್ಟಲು ಬಿಡದೆ ನೆಕ್ಕುತ್ತಿತ್ತು. ಬೇಸಿಗೆಯ ನಾಯಿ, ಸಿಕ್ಕಿದ ನೀರು. ಅದು ನನ್ನನ್ನು ಮುದ್ದಿಸುತ್ತಿದೆ ಎಂದುಕೊಂಡಿದ್ದೆ.

ನೀರು ಹೋಗುತ್ತದೆ, ನೆಲ ಒಣಗಿದೆ ಎಂದರೆ ಎಂಜಿನ್ನೇ ಒಳಗೆ ಕುಡಿಯುತ್ತಿದೆ ಎಂದು ಮಸ್ತಾನ್ ತೀರ್ಮಾನಿಸಿದ. ಎಂಜಿನ್ನಿನ ತಲೆ ಬಿಚ್ಚಿ ಒಳಗಿನ ಗ್ಯಾಸ್ಕೆಟ್ ಬದಲಿಸಿದ. ಆಮೇಲೆ ಬೋರಿನ ನೀರು, ಅರಿಶಿನದ ಗಸಿ ಎಲ್ಲ ಚೆಲ್ಲಿ ಎಂಜಿನ್ ತಂಪಾಗಿಡುವ ಹಸಿರು ಕೂಲಂಟ್ ತುಂಬಿದ.

"ಇನ್ಮೇಲೆ ಇದೇ ಹಾಕು ಅಣ್ಣ. ಆದ್ರೆ ಡಬ್ಬಿ ಜೋಪಾನ, ಇದು ಸಿಹಿ ಇರ್ತದೆ, ಆದ್ರೂ ವಿಷ. ಮಕ್ಕಳ ಕೈಗೆ ಸಿಗಬಾರ್ದು."

ರಂಗಧಾಮಯ್ಯ ಮಾತು ಮೀರುವವನಲ್ಲ. ಡಬ್ಬಿಯನ್ನು ಅಟ್ಟದ ಮೇಲೆ, ಏಣಿ ಹಾಕಿದರೂ ಸಿಗದ ಮೂಲೆಗೆ ತಳ್ಳಿದ. ಡಬ್ಬಿಯಲ್ಲಿ ಇದ್ದುದೇ ನನ್ನ ಹೊಟ್ಟೆಯಲ್ಲೂ ಇದೆ ಎಂದು ಯಾರಿಗೂ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ನಿಂತೆ. ಚೆಂಡು ಬಂತು. ಮೊದಲ ಹನಿ ನೆಕ್ಕಿ ಬಾಲ ಅಲ್ಲಾಡಿಸಿತು. ಎಂದೂ ಅಷ್ಟು ಖುಷಿಯಿಂದ ನೆಕ್ಕಿರಲಿಲ್ಲ. ನನಗೆ ಬಾಯಿಲ್ಲ. ಹಾರನ್ ಇದೆ, ಆದರೆ ಅದನ್ನು ಒತ್ತಲು ಇನ್ನೊಬ್ಬರ ಕೈ ಬೇಕು.

ಸಂಜೆಗೆ ಅದು ಹೆಂಡ ಕುಡಿದಂತೆ ತೂರಾಡಿತು. ಮಾರನೆಯ ದಿನ ದನದ ಬಾನಿಗೆ ಬಾಯಿಟ್ಟು ಕುಡಿದೇ ಕುಡಿಯಿತು, ಕುಡಿದದ್ದನ್ನೆಲ್ಲ ಕಕ್ಕಿತು. ರಂಗಧಾಮಯ್ಯ ಅದನ್ನು ಹೂವಿನ ಚೀಲದ ಮೇಲೆ ಮಲಗಿಸಿಕೊಂಡು ಪಶು ಆಸ್ಪತ್ರೆಗೆ ಹೊರಟ. ಮಲಗಿಸಿದ್ದು ನನ್ನೊಳಗೇ. ಆ ದಾರಿ ಎಷ್ಟು ಬೇಗ ಓಡಿದರೂ ಸವೆಯಲಿಲ್ಲ.

"ಏನೋ ವಿಷ ಹೋಗಿದೆ, ಕಿಡ್ನಿ ನಿಂತಿವೆ. ಯಾರಾದ್ರೂ ಇಲಿ ಪಾಷಾಣ ಇಟ್ಟಿದ್ರಾ?" ಎಂದರು ಡಾಕ್ಟರು.

ಬರುವಾಗ ಚೆಂಡುವಿನ ಮೈ ತಣ್ಣಗಾಗಿತ್ತು. ರಂಗಧಾಮಯ್ಯ ಇಳಿದವನೇ ನೇರ ಕೆಂಚಮ್ಮನ ಬಾಗಿಲಿಗೆ ಹೋದ.

"ಹೇಳಿದಂಗೇ ಮಾಡ್ದಲ್ಲವ್ವ! ನಿನ್ನ ಕೋಳಿ ತಣ್ಣಗಿರ್ಲಿ."

ಕೆಂಚಮ್ಮ ಹೂ ಬಿಡಿಸಿ ಬಂದ ಕೈಯಲ್ಲೇ ನಿಂತಳು. "ಏನಂದೆ ರಂಗಧಾಮ? ಬಾಯಿಗೆ ಬಂದದ್ದು ಬೈತೀನಿ, ದಿಟ. ಬೆಳಗಿನ ಮುದ್ದೆ ಮುರಿದು ಹಾಕ್ದೋಳು ಪಾಷಾಣ ಹಾಕ್ತೀನಾ?"

"ನಿನ್ನ ಬಾಯಲ್ಲೇ ಬಂದಿತ್ತಲ್ಲ. ಕೇರಿಯೆಲ್ಲ ಕೇಳೈತೆ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಗಲಲ್ಲಿ ಆ ಬಾಗಿಲು ಮುಚ್ಚಿದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಚೆಂಡುವನ್ನು ಹೂವಿನ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಮರುದಿನ ಎಂದಿನಂತೆ ಪೇಟೆಗೆ ಹೋಗಿ ಬಂದು ಮರದಡಿ ನಿಂತೆ. ತೊಟ್ಟು, ತೊಟ್ಟು. ಈಗ ನೆಲಕ್ಕೇ ಬೀಳುತ್ತಿತ್ತು. ಸಂಜೆ ಅಂಗಳ ಗುಡಿಸಲು ಬಂದ ಪುಟ್ಟತಾಯಮ್ಮ ಪೊರಕೆ ನಿಲ್ಲಿಸಿದಳು.

"ಇಲ್ಲಿ ಬನ್ನಿ. ಇದೇನಿದು, ಕಾರಿನ ಕೆಳಗೆ ಹಸ್ರುಗೆ?"

ರೊಟ್ಟಿಯಗಲ ಒದ್ದೆ. ರಂಗಧಾಮಯ್ಯ ಮಂಡಿಯೂರಿ ಬೆರಳು ಅದ್ದಿ ಮೂಸಿದ. ಚೆಂಡು ಮಲಗಿ ಮಲಗಿ ಗುಳಿಯಾಗಿದ್ದ ಜಾಗ ಅದೇ ಎಂದು ಕಂಡಿತು. ಹರಿದ ಪೇಪರ್ ನೆನಪಾಗಿರಬೇಕು. ಬೆರಳನ್ನು ಪಂಚೆಗೆ ಒರೆಸುತ್ತಲೇ ಇದ್ದ, ಎದ್ದೇಳಲಿಲ್ಲ.

ಮಸ್ತಾನ್ ಬಂದು ಪುಟ್ಟತಾಯಮ್ಮನ ರಂಗೋಲಿ ಪುಡಿ ಇಸಕೊಂಡು ಎಂಜಿನ್ನಿನ ಮೈಗೆಲ್ಲ ಊದಿ ಹಚ್ಚಿ, ಒಂದಿಷ್ಟು ಓಡಿಸಿ ನಿಲ್ಲಿಸಿದ. ಬಿಳಿ ಪುಡಿಯ ಮೇಲೆ ಪಂಪಿನ ತೂತಿನಿಂದ ಹಸಿರು ಗೆರೆಯೊಂದು ಮೆಲ್ಲಗೆ ಇಳಿಯಿತು.

"ಪಂಪಿನ ಸೀಲು. ಇಷ್ಟೇ" ಎಂದ. ಆಮೇಲೆ ದನಿ ತಗ್ಗಿಸಿ, "ನೆಲ ಒದ್ದೆ ಇದ್ದಿದ್ರೆ ಮೊದ್ಲೇ ಹೇಳ್ತಿದ್ದೆ ಅಣ್ಣ. ಒಣಗಿತ್ತಲ್ಲ..." ಎಂದು ಅರ್ಧಕ್ಕೇ ನಿಲ್ಲಿಸಿದ.

ಹೊಸ ಪಂಪು ಬಂತು. ಮತ್ತೆ ನನ್ನಿಂದ ಒಂದು ಹನಿಯೂ ಸೋರಲಿಲ್ಲ. ರಂಗಧಾಮಯ್ಯ ಕೆಂಚಮ್ಮನ ಜಗಲಿಯ ಮುಂದೆ ಹೋಗಿ ನಿಂತ. "ತಪ್ಪಾಯ್ತು ಕೆಂಚಕ್ಕ" ಎಂದ. "ಸರಿ ಬುಡಪ್ಪ" ಎಂದಳು ಅವಳು, ಕಣ್ಣೆತ್ತದೆ. ಆದರೆ ಅವಳ ಹೂವಿನ ಚೀಲ ಮತ್ತೆಂದೂ ನನ್ನನ್ನು ಹತ್ತಲಿಲ್ಲ. ತಲೆಯ ಮೇಲೆ ಹೊತ್ತು ಬಸ್ಸಿಗೆ ಹೋಗುತ್ತಿದ್ದಳು. ಅವಳನ್ನು ದಾಟಿ ಹೋಗುವಾಗಲೆಲ್ಲ ರಂಗಧಾಮಯ್ಯ ನಿಧಾನ ಮಾಡುತ್ತಿದ್ದ. ಅವಳು ಬದಿಗೆ ಸರಿದು ದಾರಿ ಬಿಡುತ್ತಿದ್ದಳು.

ವರ್ಷಗಳು ಕಳೆದವು. ಹೂವಿಗೆ ಟೆಂಪೋ ಬಂತು. ನನ್ನ ಎಂಜಿನ್ ಯಾರದೋ ಪಾಲಾಯಿತು, ಚಕ್ರಗಳು ಎತ್ತಿನ ಗಾಡಿಗೆ ಹೋದವು. ಗುಜರಿಯವನು ಬಂದಾಗಲೆಲ್ಲ ರಂಗಧಾಮಯ್ಯ, "ಇರ್ಲಿ ಬುಡು" ಎಂದು ಕಳಿಸಿಬಿಡುತ್ತಾನೆ. ಹೊಂಗೆಮರದ ಎಲೆ ನನ್ನ ಮೇಲೆ ಉದುರುತ್ತದೆ.

ನೆರಳಿಗೆಂದು ಕೇರಿಯ ನಾಯಿಗಳು ಈಗಲೂ ನನ್ನ ಕೆಳಗೆ ಮಲಗುತ್ತವೆ. ಅವು ನುಸುಳಿದಾಗಲೆಲ್ಲ ಒಳಗೇ ಬೆಚ್ಚುತ್ತೇನೆ. ಆಮೇಲೆ, ತೊಟ್ಟಿಕ್ಕಲು ನನ್ನಲ್ಲಿ ಏನೂ ಉಳಿದಿಲ್ಲ ಎಂಬುದು ನೆನಪಾಗುತ್ತದೆ. ಮುಂದಿನ ಬಂಪರಿನ ಅಡಿ ರಂಗಧಾಮಯ್ಯ ಒಂದು ಮಣ್ಣಿನ ಬಾನಿ ಇಟ್ಟಿದ್ದಾನೆ, ದಿನವೂ ಬೋರಿನ ನೀರು ತುಂಬುತ್ತಾನೆ. ಅವನು ಊರಲ್ಲಿ ಇಲ್ಲದ ದಿನ ಕೆಂಚಮ್ಮ ಕೊಡ ಹಿಡಿದು ಬರುತ್ತಾಳೆ. ಬಾನಿ ತುಂಬಿಸಿ, ನೀರಿಗೆ ಬಿದ್ದ ಎಲೆಯೊಂದನ್ನು ತೆಗೆದು, ಯಾರಾದರೂ ಕಾಣುವ ಮುಂಚೆ ಹೊರಟುಬಿಡುತ್ತಾಳೆ.