ಮಾದಾಪುರದಲ್ಲಿ ಒಂದು ತಿಂಗಳು

ರುದ್ರಮ್ಮ ಕುಲುಮೆಯ ಬಾಗಿಲಿಗೆ ಬಂದು ನಿಂತು, "ಚಕ್ರ ಕೊಡಿ ಆಚಾರ್ರೇ" ಅಂದಳು. ಕಾಲಲ್ಲಿ ಮೆಟ್ಟಿರಲಿಲ್ಲ, ತಲೆ ಬಾಚಿರಲಿಲ್ಲ. ಮುತ್ತಾಚಾರಿ ಅಂದು ಒಲೆ ಹೊತ್ತಿಸಿರಲಿಲ್ಲ. ಬೀದಿಯಲ್ಲಿ ಹೆಣ ಇಟ್ಟುಕೊಂಡು ಸುತ್ತಿಗೆ ಬಡಿಯುವುದೇ ಎಂದು ತಿದಿಯ ಪಕ್ಕ ಸುಮ್ಮನೆ ಕೂತಿದ್ದ.

ಹೆಣ ಅವಳ ಗಂಡ ಕರಿಬಸಪ್ಪನದು. ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದವನು ನೀರು ಕೇಳಿದ. ತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಮೈ ಸೆಟೆಯುವ ಮೊದಲೇ, ಅವರ ಪದ್ಧತಿಯಂತೆ, ಅಂಗಡಿ ಮಹದೇವಪ್ಪನ ಜಗಲಿಯ ಮೇಲೆ ಕೂರಿಸಿ, ಹಣೆಗೆ ವಿಭೂತಿ ಬಳಿದು, ಬೀಳದಂತೆ ಕಟ್ಟಿದ್ದರು. ಸ್ವಂತ ಜಗಲಿ ಅವನಿಗೆ ಎಲ್ಲಿಯದು? ಅವನ ಮನೆಯೆಂದರೆ ಅಂಗಡಿಯ ಹಿಂದಿನ ಬಯಲಲ್ಲಿ ನಿಂತ ಕಮಾನು ಗಾಡಿ. ಇಪ್ಪತ್ತೆಂಟು ವರ್ಷ ಗಂಡ ಹೆಂಡತಿ ಅದರಲ್ಲೇ ಉಂಡು, ಅದರಲ್ಲೇ ಮಲಗಿ, ಒಣಮೆಣಸಿನಕಾಯಿ ಬೆಳ್ಳುಳ್ಳಿ ಮಾರುತ್ತ ಕೊಡಗಿನ ಸಂತೆಯಿಂದ ಸಂತೆಗೆ ತಿರುಗಿದ್ದರು. ಒಂದೂರಲ್ಲಿ ಎರಡು ರಾತ್ರಿ ಕಳೆದರೆ ಹೆಚ್ಚು. ಈ ಮಾದಾಪುರದಲ್ಲಿ ಮಾತ್ರ ಎಡಚಕ್ರ ಮುರಿದು, ಗಾಡಿ ಒಂದು ಮಗ್ಗುಲು ಕಲ್ಲುಗಳ ಮೇಲೆ ಕೂತು ತಿಂಗಳಾಗಿತ್ತು.

ಸೇತುವೆಯಾಚೆ ನಮ್ಮವರ ಜಾಗವಿದೆ, ಗುಂಡಿ ತೋಡಿಸುತ್ತೇನೆ ಎಂದು ಮಹದೇವಪ್ಪ ಹೇಳಿದ್ದ. ರುದ್ರಮ್ಮ ಒಪ್ಪಲಿಲ್ಲ. ಗಂಡನ ಅಣ್ಣತಮ್ಮಂದಿರ ಹೊಲ ಗಡಿಯಾಚೆ, ಮೈಸೂರು ರಾಜ್ಯದ ಅರಕಲಗೂಡು ಸೀಮೆಯಲ್ಲಿತ್ತು. ಅಲ್ಲಿಗೇ ಒಯ್ಯುತ್ತೇನೆ ಎಂದಳು. ಗಾಡಿಯಲ್ಲಿ ಒಂದೂವರೆ ದಿನದ ದಾರಿ, ಈ ಬಿಸಿಲಲ್ಲಿ ಹೆಣ ತಡೆಯುವುದಿಲ್ಲ ಎಂದು ಗಂಡಸರು ತಗ್ಗಿದ ದನಿಯಲ್ಲಿ ಹೇಳಿ ನೋಡಿದರು. ಚಕ್ರ ಮುರಿಯಿತೆಂದು ಇಲ್ಲಿ ಸಿಕ್ಕಿಬಿದ್ದವನು ಮಣ್ಣಾಗುವುದೂ ಇಲ್ಲೇ ಏಕೆ ಎಂಬುದು ಅವಳ ಹಟ.

"ಮುರುಕ್ಲೇ ಇರ್ಲಿ, ಹಗ್ಗ ಸುತ್ತಿ ಓಡಿಸ್ತೀನಿ. ತಿಂಗಳಿಂದ ನಾಳೆ ನಾಳೆ ಅಂದ್ರಿ. ಇವತ್ತಾದ್ರೂ ಕೊಡಿ."

ಮುತ್ತಾಚಾರಿ ಎದ್ದು, ಮೂಲೆಯಲ್ಲಿದ್ದ ಇದ್ದಿಲ ಚೀಲಗಳನ್ನು ಒಂದೊಂದಾಗಿ ಈಚೆಗೆ ಎಳೆದ. ಹಿಂದೆ ಗೋಡೆಗೆ ಒರಗಿ ಚಕ್ರ ನಿಂತಿತ್ತು. ಮುರಿದಿದ್ದ ಕಡೆ ಹೊಸ ಮರ, ಸುತ್ತ ಬಿಗಿಯಾದ ಕಬ್ಬಿಣದ ಪಟ್ಟಿ, ಅದರ ಮೇಲೆ ದಪ್ಪ ಧೂಳು.

"ಮೂರನೇ ದಿನಕ್ಕೇ ಮುಗ್ದಿತ್ತು ಕಣಮ್ಮ," ಅಂದ. "ನಿಮ್ಮ ಯಜಮಾನ್ರೇ ಬಂದು, ಒಂದು ತಿಂಗಳು ಕೊಡ್‌ಬ್ಯಾಡಿ ಅಂದ್ರು. ಎದೆನೋವು ಆಗ್ಲೇ ಶುರುವಾಗಿತ್ತಂತೆ. ನಿಮಗೆ ಹೇಳಿದ್ರೆ ಊರಿಗೆ ಎಳ್ಕೊಂಡು ಹೋಯ್ತೀರಿ ಅಂತ ಭಯ."

ರುದ್ರಮ್ಮ ಒಳಗೆ ಬಂದು ಪಟ್ಟಿಯ ಮೇಲಿನ ಧೂಳನ್ನು ಬೆರಳಿಂದ ಒರೆಸಿದಳು. ಮುತ್ತಾಚಾರಿಯೇ ಮುಂದುವರಿಸಿದ.

"ಅವಳು ಒಂದ್ಸಲ ಇಲ್ಲಿ ನಿಲ್ಸಿ ಅಂದಿದ್ಲು, ನಾನು ನಿಲ್ಲಿಸ್ಲಿಲ್ಲ ಅಂದ್ರು. ಇನ್ನೇನೂ ಹೇಳ್ಲಿಲ್ಲ."

*

ಮದುವೆಯಾದ ಎರಡನೇ ವರ್ಷದ ಮಾತು. ಅವಳಿಗೆ ಮೂರು ತಿಂಗಳು ತುಂಬಿತ್ತು. ಹೂಮಳೆ ಬಿದ್ದು ಮಾದಾಪುರದ ಕಾಫಿ ತೋಟಗಳೆಲ್ಲ ಬೆಳ್ಳಗೆ ಹೂಬಿಟ್ಟಿದ್ದವು. ಗಾಡಿಯೊಳಗೆ ಮಲಗಿದ್ದವಳಿಗೆ ಕಮಾನಿನ ಸಂದಿಯಲ್ಲಿ ಕಂಡದ್ದು ಬೊಗಸೆಯಷ್ಟು ಬಿಳುಪು. ಸೊಂಟ ಸಿಡಿಯುತ್ತಿತ್ತು. ಒಂದು ವಾರ ಇಲ್ಲೇ ಇರೋಣ ಅಂದಳು. ನಾಳೆ ಸೋಮವಾರಪೇಟೆ ಸಂತೆ, ಮುಗಿಸಿಕೊಂಡು ಬಂದು ಇದ್ದರಾಯಿತು ಎಂದು ಅವನು ಎತ್ತುಗಳನ್ನು ಚಪ್ಪರಿಸಿದ. ಸೇತುವೆ ದಾಟಿ ಮೈಲಿ ಹೋಗುವುದರೊಳಗೆ ಗಾಡಿಯ ಹುಲ್ಲೆಲ್ಲ ರಕ್ತವಾಗಿತ್ತು.

ಮತ್ತೆ ಮಕ್ಕಳಾಗಲಿಲ್ಲ. ಅವಳೂ ಮತ್ತೆ ನಿಲ್ಲುವ ಮಾತೆತ್ತಲಿಲ್ಲ. ಬರಬರುತ್ತ ಅವಸರ ಅವಳದೇ ಆಯಿತು. ಅವನು ಎಲೆಯಡಿಕೆ ಹಾಕಿಕೊಳ್ಳುತ್ತ ಒಂದು ಗಳಿಗೆ ಕೂತರೂ ಅವಳು ಗಾಡಿಯೊಳಗಿಂದ, "ಹೋಗೋಣ" ಅನ್ನುತ್ತಿದ್ದಳು.

*

ಈ ತಿಂಗಳೂ ಅಷ್ಟೇ. ಅವನು ಬೆಳಿಗ್ಗೆ ಎದ್ದು ಊರೊಳಗೆ ಹೋಗುವನು. ಕುಲುಮೆಯಲ್ಲಿ ಕೂತು, ಎಸ್ಟೇಟಿನ ಲೈನುಮನೆಗಳ ಕೂಲಿಯವರನ್ನು ಮಾತಾಡಿಸಿ, ಹೊಳೆಯಲ್ಲಿ ಕಾಲಾಡಿಸಿ ಬಂದು ಎಲ್ಲದರ ವರದಿ ಒಪ್ಪಿಸುವನು. ಇವಳು ಒಂದು ದಿನವೂ ಬಯಲು ಬಿಟ್ಟು ಕದಲಲಿಲ್ಲ. ಸಂತೆಗಳೆಲ್ಲ ತಪ್ಪಿದವು, ಮೆಣಸಿನಕಾಯಿ ಮುಗ್ಗಲು ಹಿಡಿಯಿತು ಎಂದು ಗೊಣಗುತ್ತಿದ್ದಳು. ಹತ್ತು ದಿನದ ಹಿಂದೆ ಅವನು ಓಡೋಡಿ ಬಂದಿದ್ದ. ಉಸಿರು ಸಿಗುತ್ತಿರಲಿಲ್ಲ.

"ತೋಟ ಹೂಬಿಟ್ಟದೆ, ಬಾರೆ. ಸೇತುವೆ ಮ್ಯಾಲಿಂದ ನೋಡೋಣ."

"ಮೊದ್ಲು ಚಕ್ರ ತನ್ನಿ," ಎಂದು ಅವಳು ಬೆನ್ನು ತಿರುಗಿಸಿದ್ದಳು.

ಅವನು ಒಬ್ಬನೇ ಹೋದ.

*

ಜಗಲಿಗೆ ವಾಪಸು ಬಂದು, "ಇಲ್ಲೇ ತೋಡ್ಸಿ" ಎಂದಷ್ಟೇ ಹೇಳಿ ರುದ್ರಮ್ಮ ಗಂಡನ ಕಾಲ ಬಳಿ ಕೂತಳು. ಮಹದೇವಪ್ಪನ ಹೆಂಡತಿ ಸರ್ವಮಂಗಳ ಪಕ್ಕಕ್ಕೆ ಬಂದಳು. ಅವಳ ಕಣ್ಣು ಅತ್ತು ಊದಿಕೊಂಡಿತ್ತು.

"ದಿನಾ ಬಂದು ಕಾಫಿ ಕುಡಿಯೋರು ಅಕ್ಕಾ. ನಾಳೆ ಅವಳ್ನೂ ಕರ್ಕೊಂಡು ಬತ್ತೀನಿ ಅನ್ನೋರು. ನಾನೇ ಬಂದು ಕರೀಲಾ ಅಂದ್ರೆ, ಬ್ಯಾಡ ಬ್ಯಾಡ, ತಾನಾಗೇ ಬರ್ಬೇಕು ಅನ್ನೋರು."

ರುದ್ರಮ್ಮನಿಗೆ ಆಗ ಅಳು ಬಂತು. ಇಪ್ಪತ್ತಾರು ವರ್ಷ ಮನಸ್ಸಿನಲ್ಲೇ ಅವನನ್ನು ಬೈದಿದ್ದಳು. ಅವನು ತಂದುಕೊಟ್ಟ ಒಂದು ತಿಂಗಳನ್ನೂ ಬೈದೇ ಕಳೆದಿದ್ದಳು.

ಮಧ್ಯಾಹ್ನ ಬಿದಿರಿನ ವಿಮಾನ ಕಟ್ಟಿ, ಕರಿಬಸಪ್ಪನನ್ನು ಅದರಲ್ಲಿ ಕೂರಿಸಿ ನಾಲ್ಕು ಜನ ಹೆಗಲು ಕೊಟ್ಟರು. ಮೋಡ ಕಟ್ಟುತ್ತಿತ್ತು. ಹಿತ್ತಲ ದಾರಿಯಲ್ಲಿ ಬೇಗ ಮುಟ್ಟಬಹುದು ಎಂದು ಮಹದೇವಪ್ಪ ಮುಂದಾದ.

"ಬೀದಿ ಮೇಲೇ ಹೋಗಿ," ಅಂದಳು ರುದ್ರಮ್ಮ. "ನಿಧಾನವಾಗಿ ಹೋಗಿ."

ಹೋದರು. ಹಿಂದೆ ಬರಬೇಕಾದವಳು ಅವನ ಪಕ್ಕಕ್ಕೇ ನಡೆದಳು. ಅವನು ದಿನಾ ಕಾಫಿ ಕುಡಿಯುತ್ತಿದ್ದ ಅಂಗಡಿ ಮುಂದಿನ ಬೆಂಚು ಬಂತು. ಕುಲುಮೆ ಬಂತು, ಬಾಗಿಲಲ್ಲಿ ಮುತ್ತಾಚಾರಿ ಕೈಮುಗಿದು ನಿಂತಿದ್ದ. ಲೈನಿನ ಹೆಂಗಸರು ಕೆಲಸ ಬಿಟ್ಟು ರಸ್ತೆ ಬದಿಗೆ ಬಂದಿದ್ದರು. ಇವಳಿಗೆ ಯಾರ ಗುರುತೂ ಇರಲಿಲ್ಲ. ಅವರೆಲ್ಲ ಅವನನ್ನು ಬಲ್ಲವರು. ಅವನು ದಿನಾ ಸಂಜೆ ಬಂದು ಹೇಳುತ್ತಿದ್ದುದೆಲ್ಲ ಅವನು ಹೇಳಿದಂತೆಯೇ ಇತ್ತು.

ಸೇತುವೆಯ ನಡುವೆ ಅವಳು ನಿಲ್ಲಿಸಲು ಹೇಳಿದಳು. "ತೋಟದ ಕಡೆ ಮುಖ ಮಾಡ್ಸಿ."

ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ವಿಮಾನ ತಿರುಗಿಸಿದರು. ಅವಳು ಪಕ್ಕದಲ್ಲಿ ನಿಂತು, ಅವನ ಮುಖವಿದ್ದ ದಿಕ್ಕಿಗೇ ನೋಡಿದಳು. ಗುಡ್ಡದುದ್ದಕ್ಕೂ ಕಾಫಿ ಹೂವು ಕಂದಿ, ಸುಟ್ಟಂತಾಗಿ ರೆಂಬೆಗಳಿಗೆ ಅಂಟಿಕೊಂಡಿತ್ತು. ಮಳೆಯ ಮೊದಲ ಹನಿಗಳು ಅವನ ಹಣೆಯ ವಿಭೂತಿಯ ಮೇಲೆ ಬಿದ್ದು ಇಳಿಯತೊಡಗಿದವು. ಹೊತ್ತವರು ಎರಡು ಸಲ ಹೆಗಲು ಬದಲಿಸಿದರು. ರುದ್ರಮ್ಮ ಹೋಗೋಣ ಅನ್ನಲಿಲ್ಲ.